ಸಮಾಜಶಾಸ್ತ್ರದಲ್ಲಿ ಅಂಕಿಅಂಶ ಹಿಡಿದು ಅಸಮಾನತೆಯ ಕೆಲಸ ಮಾಡಿದವರು ಇಲ್ಲಿ ಯಾರಾದರೂ ಇದ್ದೀರಾ?

ನಾಗಮಂಗಲದವಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಸಮಾಜಶಾಸ್ತ್ರ ಎಂ.ಎ. ಓದುತ್ತಿದ್ದೇನೆ, ಇದು ಕೊನೆಯ ವರ್ಷ. ಊರು ನಾಗಮಂಗಲ ತಾಲ್ಲೂಕು. ಹೋದ ತಿಂಗಳು ನಮ್ಮ ತರಗತಿಗೆ ಹೊರಗಿನಿಂದ ಬಂದ ಒಬ್ಬ ಪ್ರಾಧ್ಯಾಪಕರು ಬೋರ್ಡಿನ ಮೇಲೆ ಚೌಕಚೌಕವಾಗಿ ಒಂದು ಕೋಷ್ಟಕ ಬರೆದರು. ಎಡಗಡೆ ಅಪ್ಪಂದಿರ ಕೆಲಸ, ಮೇಲ್ಗಡೆ ಮಕ್ಕಳ ಕೆಲಸ. ಯಾವ ಚೌಕದಲ್ಲಿ ಎಷ್ಟು ಮಂದಿ ಅಂತ ತುಂಬುತ್ತಾ ಹೋದರು. ನಮ್ಮ ತಾತ ಕೂಲಿ. ಅಪ್ಪ ಕೂಲಿ, ಜೊತೆಗೆ ಎರಡು ಹಸು. ಅಣ್ಣ ಬೆಂಗಳೂರಲ್ಲಿ ಆಟೋ ಓಡಿಸ್ತಾನೆ. ನಾನು ಎಂ.ಎ. ನಮ್ಮ ಮನೆ ಯಾವ ಚೌಕದಲ್ಲಿ ಬರುತ್ತೆ ಅಂತ ಹುಡುಕುತ್ತಲೇ ಕೂತಿದ್ದೆ. ಅವತ್ತಿಂದ ಮನಸ್ಸು ಅಲ್ಲೇ ಇದೆ. ಇಂಥದ್ದನ್ನೇ ಮುಂದೆ ಮಾಡಬೇಕು ಅನ್ನಿಸಿದೆ.

ಆದರೆ ಸುತ್ತ ಇರುವವರು ಯಾರೂ ಇದನ್ನು ಮಾಡಿದವರಲ್ಲ. ಮನೆಯಲ್ಲಿ ಬಿ.ಎಡ್. ಮಾಡು ಅಂತಾರೆ. ಹಾಗಾಗಿ ಕೇಳ್ತಿದ್ದೀನಿ. ಇಂಥ ಪ್ರಾಧ್ಯಾಪಕರು ವರ್ಷಗಟ್ಟಲೆ ನಿಜವಾಗಿ ಏನು ಕೆಲಸ ಮಾಡ್ತಾರೆ? ಎಸ್ಸೆಸ್ಸೆಲ್ಸಿ ಆದಮೇಲೆ ಗಣಿತ ಮುಟ್ಟದವಳಿಗೆ ಇದು ಆಗುತ್ತಾ? ಇನ್ನೊಂದು, ನನ್ನ ಹಾಸ್ಟೆಲ್ ಗೆಳತಿ ಹೇಳಿದ್ದು ಮನಸ್ಸಲ್ಲಿ ಕೊರೀತಿದೆ. ಜಾತಿ, ಬಡತನ ಇವನ್ನೆಲ್ಲ ನಂಬರ್ ಮಾಡೋದು ಅನುಭವಿಸಿದವರಿಗೆ ಅವಮಾನ ಅಂದಳು. ನೀವೇನಂತೀರಿ?

ಕುವೆಂಪುನಗರದವನು:

ಸಿಸ್ಟರ್, ದಾರಿಯ ಬಗ್ಗೆ ಮಾತ್ರ ಹೇಳ್ತೀನಿ, ಉಳಿದದ್ದನ್ನು ಗೊತ್ತಿರುವವರು ಹೇಳಲಿ. ಮೊದಲು ಯುಜಿಸಿ ನೆಟ್ ಬರೆಯಿರಿ, ಜೆಆರ್‌ಎಫ್‌ಗೆ, ಅಂದರೆ ಸಂಶೋಧನೆ ಮಾಡುವವರಿಗೆ ಸಿಗುವ ಫೆಲೋಶಿಪ್‌ಗೆ, ಗುರಿ ಇಡಿ. ಜೆಆರ್‌ಎಫ್ ಬಂದರೆ ತಿಂಗಳಿಗೆ 37,000 ರೂಪಾಯಿ, ಮನೆಯವರ ಮುಂದೆ ಮಾತಾಡೋಕೆ ಒಂದು ಧೈರ್ಯ. ಬೆಂಗಳೂರಿನ ಐಸೆಕ್, ಮುಂಬಯಿಯ ಐಐಪಿಎಸ್ ಅನ್ನುವ ಎರಡು ಸಂಶೋಧನಾ ಸಂಸ್ಥೆಗಳನ್ನೂ ನೋಡಿ. ಐಐಪಿಎಸ್‌ನಲ್ಲಿ ಜನಸಂಖ್ಯಾ ಅಧ್ಯಯನ, ಅಂಕಿಅಂಶದ ತರಬೇತಿ ಗಟ್ಟಿ ಇರುತ್ತೆ. ಬಿ.ಎಡ್. ಎಲ್ಲಿಗೂ ಓಡಿಹೋಗಲ್ಲ, ಮುಂದಿನ ವರ್ಷವೂ ಮಾಡಬಹುದು.

ನಿವೃತ್ತ ಮೇಡಂ, ಸರಸ್ವತೀಪುರಂ:

ನೋಡಮ್ಮ, ನೀನು ಕೇಳಿದ ಕೆಲಸವನ್ನೇ ನಾನು ಮೂವತ್ತು ವರ್ಷಕ್ಕಿಂತ ಹೆಚ್ಚು ಮಾಡಿದ್ದು. ಹುಟ್ಟಿದ್ದು ಮದ್ದೂರು ತಾಲ್ಲೂಕಿನ ನಾಲೆ ಬಯಲಿನ ಹಳ್ಳಿಯಲ್ಲಿ, ಎಂ.ಎ. ಮಾನಸಗಂಗೋತ್ರಿಯಲ್ಲಿ, ಪಿಎಚ್.ಡಿ.ಗೆ ಹೊರದೇಶಕ್ಕೆ ಹೋಗಿ ಬಂದೆ. ಉದ್ದ ಬರೀತೀನಿ, ನಿಧಾನವಾಗಿ ಓದಿಕೋ.

ಸಮಾಜಶಾಸ್ತ್ರಕ್ಕೂ ಲೆಕ್ಕಕ್ಕೂ ಸಂಬಂಧವಿಲ್ಲ ಅಂತ ನಿನಗೆ ಯಾರಾದರೂ ಹೇಳಿದರೆ ನಂಬಬೇಡ. ನಮ್ಮ ಜಿಲ್ಲೆಯೇ ಅದಕ್ಕೆ ಸಾಕ್ಷಿ. ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಹಳ್ಳಿಯೊಂದರಲ್ಲಿ ಉಳಿದು ಮಾಡಿದ ಅಧ್ಯಯನವನ್ನು ನೀನು ಖಂಡಿತ ಓದಿರುತ್ತೀಯ, ಎಲ್ಲ ಸಿಲಬಸ್ಸಿನಲ್ಲೂ ಇದೆ. ಆದರೆ ಅದಾಗಿ ಕೆಲವೇ ವರ್ಷಕ್ಕೆ, 1954ರಲ್ಲಿ, ಸ್ಕಾರ್ಲೆಟ್ ಎಪ್‌ಸ್ಟೈನ್ ಅನ್ನುವ ಹೆಣ್ಣುಮಗಳು ಮಂಡ್ಯಕ್ಕೆ ಬಂದರು. ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ, ನಾಜಿಗಳ ಕಾಲಕ್ಕೆ ಊರು ಬಿಟ್ಟು ಇಂಗ್ಲೆಂಡ್ ಸೇರಿದವರು. ಅರ್ಥಶಾಸ್ತ್ರ ಮಾನವಶಾಸ್ತ್ರ ಎರಡೂ ಕಲಿತಿದ್ದರು. ಹತ್ತಿರಹತ್ತಿರದ ಎರಡು ಹಳ್ಳಿ ಆರಿಸಿಕೊಂಡರು, ಬರವಣಿಗೆಯಲ್ಲಿ ಅವಕ್ಕೆ ವಂಗಲ, ದಲೇನ ಅಂತ ಬೇರೆ ಹೆಸರಿಟ್ಟರು. ಕೃಷ್ಣರಾಜಸಾಗರದ ನಾಲೆ ಬಂದಾಗ ಒಂದಕ್ಕೆ ನೀರು ಸಿಕ್ಕಿತು, ಇನ್ನೊಂದರ ಜಮೀನಿಗೆ ಸಿಗಲಿಲ್ಲ. ಮಂಡ್ಯದ ಸಕ್ಕರೆ ಕಾರ್ಖಾನೆ 1933ರಲ್ಲಿ ಶುರುವಾಗಿತ್ತು, ನೀರಿದ್ದವರು ಕಬ್ಬು ಹಾಕಿದರು.

ನೀರು ಬಂದ ಊರು ಎಲ್ಲದರಲ್ಲೂ ಮುಂದೆ ಹೋಗಿರುತ್ತೆ ಅಂತ ನಾವೆಲ್ಲ ಊಹಿಸುತ್ತೇವೆ. ಆಕೆ ಮನೆಮನೆಯ ಜಮೀನು, ದುಡಿಮೆ, ಖರ್ಚುವೆಚ್ಚ ಬರೆದುಕೊಂಡು ಕೂಡಿಸಿ ನೋಡಿದಾಗ ಕಂಡದ್ದು ಬೇರೆ. ನೀರಿನ ಊರಲ್ಲಿ ಕೈಯಲ್ಲಿ ಕಾಸು ಬಂತು, ಆದರೆ ಒಕ್ಕಲುಮನೆಗೂ ಕೂಲಿಯವರಿಗೂ ಇದ್ದ ಹಳೆಯ ಕಟ್ಟು ಹಾಗೇ ಉಳಿಯಿತು. ಬೇಸಾಯಕ್ಕೆ ಹೆಚ್ಚು ಆಳು ಬೇಕಾಗಿತ್ತು, ಹಳೆಯ ವ್ಯವಸ್ಥೆ ಅದಕ್ಕೆ ಒಪ್ಪುತ್ತಿತ್ತು. ಒಣ ಊರಿನವರು ಮಂಡ್ಯ ಪೇಟೆಯ ಕಡೆ ಮುಖ ಮಾಡಿದರು. ಕೆಲಸ, ವ್ಯಾಪಾರ, ಗಾಡಿ ಬಾಡಿಗೆ ಹೀಗೆ ಹೊರಗಿನ ದುಡಿಮೆ ಹಿಡಿದರು. ಊರೊಳಗಿನ ಕಟ್ಟುಪಾಡು ಸಡಿಲವಾದದ್ದು ಅಲ್ಲಿ. 1970ರಲ್ಲಿ ಆಕೆ ಮತ್ತೆ ಬಂದು ಅದೇ ಊರುಗಳನ್ನು ನೋಡಿದರು. ನಾನು ನಾಲೆ ಬಯಲಿನವಳು. ನಮ್ಮೂರಿನ ಬಗ್ಗೆ ನನಗೆ ಗೊತ್ತಿದೆ ಅಂದುಕೊಂಡಿದ್ದ ಎಷ್ಟೋ ವಿಷಯಕ್ಕೆ ಬೆನ್ನೆಲುಬು ಸಿಕ್ಕಿದ್ದು ಆ ಬಜೆಟ್ ಕೋಷ್ಟಕಗಳಲ್ಲಿ. ಈಗಲೂ ಅವನ್ನು ನೋಡಿದರೆ ಮೈ ನಿಮಿರುತ್ತೆ.

ಹೊರದೇಶದಲ್ಲೂ ಇದು ಹೊಸದಲ್ಲ. ಅಮೆರಿಕದ ಕಪ್ಪು ಸಮಾಜಶಾಸ್ತ್ರಜ್ಞ ಡಬ್ಲ್ಯೂ.ಇ.ಬಿ. ಡುಬೋಯ್ಸ್ 1896-97ರಲ್ಲಿ ಫಿಲಡೆಲ್ಫಿಯಾದ ಏಳನೇ ವಾರ್ಡಿನ ಕಪ್ಪು ಜನರ ಮನೆಮನೆಗೆ ಪ್ರಶ್ನಾವಳಿ ಹಿಡಿದು ಹೋಗಿದ್ದರು. ಈ ಜನ ಹುಟ್ಟಿನಿಂದಲೇ ಹೀಗೆ ಅನ್ನುತ್ತಿದ್ದ ಕಾಲದಲ್ಲಿ ಬಾಡಿಗೆ ಎಷ್ಟು, ಕೂಲಿ ಎಷ್ಟು, ಯಾವ ಕೆಲಸಕ್ಕೆ ಇವರನ್ನು ಸೇರಿಸುವುದಿಲ್ಲ ಅಂತ ಒಂದೊಂದಾಗಿ ಬರೆದಿಟ್ಟರು. ನಮ್ಮ ವಿದ್ಯೆಯ ದೊಡ್ಡ ಹೆಸರುಗಳಲ್ಲಿ ಅವರದು ಮೊದಲ ಸಾಲಿಗೆ ಬರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪಠ್ಯಕ್ರಮದಲ್ಲಿ ಅವರಿಗೆ ಸಿಗಬೇಕಾದ ಜಾಗ ಇನ್ನೂ ಸಿಕ್ಕಿಲ್ಲ.

ಈಗ ನಿನ್ನ ಚೌಕಗಳ ಕೋಷ್ಟಕಕ್ಕೆ ಬರೋಣ. ಇಂಗ್ಲಿಷಿನಲ್ಲಿ ಅದಕ್ಕೆ ಮೊಬಿಲಿಟಿ ಟೇಬಲ್ ಅಂತಾರೆ. ನನ್ನ ಕೆಲಸದ ದೊಡ್ಡ ಪಾಲು ಇದೇ. ಲೆಕ್ಕಕ್ಕೆಂದು ಒಂದು ಊರನ್ನು ಕಲ್ಪಿಸಿಕೋ, ನಿಜದ ಊರಲ್ಲ. ಜಮೀನಿರುವ ಮನೆಯ 100 ಮಕ್ಕಳು, ಕೂಲಿಮನೆಯ 100 ಮಕ್ಕಳು. ಹಿಂದಿನ ತಲೆಮಾರಿನಲ್ಲಿ ಜಮೀನಿನವರಲ್ಲಿ 10 ಮಂದಿಗೆ ಸಂಬಳದ ಕೆಲಸ ಸಿಕ್ಕಿತ್ತು, ಕೂಲಿಯವರಲ್ಲಿ 2 ಮಂದಿಗೆ. ಈ ತಲೆಮಾರಿನಲ್ಲಿ 40 ಮತ್ತು 12. ಅಂತರ ಹೆಚ್ಚಾಯಿತೋ ಕಡಿಮೆಯಾಯಿತೋ?

ಕಳೆದು ನೋಡು. ಮೊದಲು 8 ಇತ್ತು, ಈಗ 28. ಅಸಮಾನತೆ ಬೆಳೆದಿದೆ. ಭಾಗಿಸಿ ನೋಡು. ಮೊದಲು 5 ಪಟ್ಟು, ಈಗ 3.3 ಪಟ್ಟು. ಅಸಮಾನತೆ ತಗ್ಗಿದೆ. ಮೂರನೆಯದು ಆಡ್ಸ್ ರೇಶಿಯೋ. ಎರಡೂ ಗುಂಪಿನಲ್ಲಿ ಕೆಲಸ ಸಿಕ್ಕವರನ್ನು ಸಿಗದವರಿಂದ ಭಾಗಿಸಿ, ಬಂದ ಎರಡರಲ್ಲಿ ಮೊದಲನೆಯದನ್ನು ಎರಡನೆಯದರಿಂದ ಭಾಗಿಸಬೇಕು. ಹಿಂದೆ 10/90 ಮತ್ತು 2/98, ಅಂದರೆ 5.4. ಈಗ 40/60 ಮತ್ತು 12/88, ಅಂದರೆ 4.9. ಸ್ವಲ್ಪ ತಗ್ಗಿದೆ, ಹೆಚ್ಚೇನೂ ಅಲ್ಲ. ಮೂರೂ ಸರಿಯಾದ ಲೆಕ್ಕವೇ, ಕೂಡಿದ್ದರಲ್ಲಿ ಕಳೆದದ್ದರಲ್ಲಿ ಎಲ್ಲೂ ತಪ್ಪಿಲ್ಲ. ಸಂಬಳದ ಕೆಲಸ ಒಟ್ಟಾರೆ ಎಲ್ಲರಿಗೂ ಹೆಚ್ಚಾದ ಕಾಲದಲ್ಲಿ, ಆ ಹೆಚ್ಚಳವನ್ನು ಬದಿಗಿಟ್ಟು ಎರಡು ಮನೆಗಳ ನಡುವಿನ ಪೈಪೋಟಿ ಹೇಗಿದೆ ಅಂತ ತೋರಿಸುವುದು ಮೂರನೆಯದು. ಅದಕ್ಕೇ ಸಮಾಜಶಾಸ್ತ್ರಜ್ಞರು ಅದನ್ನು ನೆಚ್ಚುತ್ತಾರೆ. ಆದರೆ ಆಡ್ಸ್ ಒಂದನ್ನೇ ಮುದ್ರಿಸುವುದು ನನಗೆ ಒಪ್ಪಿಗೆಯಿಲ್ಲ. ನನ್ನ ವಿದ್ಯಾರ್ಥಿಗಳ ಪ್ರಬಂಧದಲ್ಲಿ ಕಚ್ಚಾ ಸಂಖ್ಯೆ ಪಕ್ಕದಲ್ಲೇ ಇರಬೇಕು ಅಂತ ಹಟ ಹಿಡಿಯುತ್ತಿದ್ದೆ. ಕೂಲಿಮನೆಯ 100ರಲ್ಲಿ 88 ಮಕ್ಕಳು ಇನ್ನೂ ಹೊರಗೇ ಇದ್ದಾರೆ ಅನ್ನುವುದು ಅಲ್ಲಿ ಮಾತ್ರ ಕಾಣುವುದು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಸರಾಸರಿ ಮುಚ್ಚಿಡುವುದೇ ಹೆಚ್ಚು. ನಾಲೆಯ ತಲೆಭಾಗದವನ ಗದ್ದೆಯಲ್ಲಿ ಮೊಣಕಾಲು ನೀರು, ಟೇಲ್ ಎಂಡಿನವನ ಗದ್ದೆ ಬಿರುಕು. ಸರಾಸರಿ ತೆಗೆದರೆ ಇಬ್ಬರಿಗೂ ಸಾಕಷ್ಟು ನೀರು. ನಮ್ಮ ಕೆಲಸ ಟೇಲ್ ಎಂಡಿನವನು ಲೆಕ್ಕದಲ್ಲಿ ಕಾಣುವ ಹಾಗೆ ಮಾಡುವುದು.

ಒಂದು ಸಂಖ್ಯೆಗೆ ಎಷ್ಟು ಬಲ ಇದೆ ಅಂತ ತಿಳಿಯಬೇಕಾದರೆ ನಮ್ಮ ರಾಜ್ಯದ್ದೇ ಕಥೆ ಕೇಳು. ನಾಗನಗೌಡ ಸಮಿತಿ 1961ರಲ್ಲಿ ಹಿಂದುಳಿದಿರುವಿಕೆಯನ್ನು ಅಳೆಯಲು ಒಂದು ಅಳತೆ ಹಿಡಿಯಿತು. ಹೈಸ್ಕೂಲಿನ ಕೊನೆಯ ಮೂರು ತರಗತಿಯಲ್ಲಿ ಓದುತ್ತಿರುವವರು ಆ ಸಮುದಾಯದ ಪ್ರತಿ ಸಾವಿರ ಜನಕ್ಕೆ ಎಷ್ಟು? ರಾಜ್ಯದ ಸರಾಸರಿ 6.9 ಬಂತು. ಅದರ ಆಧಾರದ ಮೇಲೆ 1962ರಲ್ಲಿ ಸರ್ಕಾರ ಮೆಡಿಕಲ್, ಎಂಜಿನಿಯರಿಂಗ್ ಸೀಟುಗಳಲ್ಲಿ ಪರಿಶಿಷ್ಟರದ್ದೂ ಸೇರಿ ಶೇ 68 ಮೀಸಲಾತಿ ಮಾಡಿತು. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿತು. ಸರಾಸರಿಯ ಹತ್ತಿರ ಇದ್ದವರನ್ನೆಲ್ಲ ಸೇರಿಸಲು ಬರುವುದಿಲ್ಲ, ಸರಾಸರಿಗಿಂತ ಬಹಳ ಕೆಳಗಿರಬೇಕು ಅಂದಿತು. ಮೀಸಲಾತಿ ಸಾಮಾನ್ಯವಾಗಿ ಅರ್ಧ ದಾಟಬಾರದು ಅನ್ನುವ ಮಾತು ಬಂದದ್ದೂ ಅದೇ ತೀರ್ಪಿನಲ್ಲಿ. ಸಾವಿರಕ್ಕೆ ಏಳೋ, ಏಳಕ್ಕೆ ಒಂದು ದಶಮಾಂಶ ಕಡಿಮೆಯೋ ಅನ್ನುವ ಗೆರೆಯ ಮೇಲೆ ಸಾವಿರಾರು ಮಕ್ಕಳ ಸೀಟು ನಿಂತಿತ್ತು. ಇನ್ನೂ ಒಂದು ಹೆಜ್ಜೆ ಒಳಗೆ ಹೋಗಿ ನೋಡು. ಪ್ರತಿ ಸಾವಿರಕ್ಕೆ ಅನ್ನಬೇಕಾದರೆ ಆ ಜಾತಿಯವರು ಒಟ್ಟು ಎಷ್ಟು ಮಂದಿ ಅಂತ ಗೊತ್ತಿರಬೇಕಲ್ಲ? ದೇಶದ ಜನಗಣತಿಯಲ್ಲಿ ಎಲ್ಲ ಜಾತಿಗಳ ಅಂಕಿ ಕೊನೆಯ ಸಲ ಪೂರ್ತಿ ಪ್ರಕಟವಾದದ್ದು 1931ರಲ್ಲಿ. ಸ್ವಾತಂತ್ರ್ಯ ಬಂದಮೇಲೆ ಪರಿಶಿಷ್ಟ ಜಾತಿ, ಪಂಗಡ ಬಿಟ್ಟು ಬೇರೆಯವರನ್ನು ಜಾತಿವಾರು ಎಣಿಸಲೇ ಇಲ್ಲ. ಭಾಜ್ಯ ಶಾಲೆಯ ರಿಜಿಸ್ಟರಿನಲ್ಲಿ ಸಿಗುತ್ತೆ, ಭಾಜಕ ಅಂದಾಜು. 2027ರ ಜನಗಣತಿಯಲ್ಲಿ ಜಾತಿಯನ್ನೂ ಎಣಿಸುತ್ತೇವೆ ಅಂತ ಕೇಂದ್ರ ಹೇಳಿದೆ. ನಿನ್ನ ವಯಸ್ಸಿನವರು ಈ ಕೆಲಸಕ್ಕೆ ಇಳಿಯಲು ಇದಕ್ಕಿಂತ ಒಳ್ಳೆಯ ಕಾಲ ನನಗೆ ತೋಚುವುದಿಲ್ಲ.

ದಿನನಿತ್ಯ ಏನು ಮಾಡ್ತಾರೆ ಅಂತ ಕೇಳಿದೆ. ಪಾಠ, ಪರೀಕ್ಷೆ, ಮೌಲ್ಯಮಾಪನ ಇದ್ದದ್ದೇ. ಸಂಶೋಧನೆಯಲ್ಲಿ ಹೆಚ್ಚು ಹೊತ್ತು ಹೋಗುವುದು ಪ್ರಶ್ನೆ ತಿದ್ದುವುದರಲ್ಲಿ, ಬಂದ ದತ್ತಾಂಶ ಶುಚಿ ಮಾಡುವುದರಲ್ಲಿ. ಉದಾಹರಣೆಗೆ ನಿಮ್ಮ ತಾಯಿಯವರನ್ನೇ ತೆಗೆದುಕೋ. ನಿಮ್ಮ ಮನೆಯಲ್ಲಿ ಎರಡು ಹಸು ಇವೆ ಅಂದೆ. ಹುಲ್ಲು ತರುವುದು, ಹಾಲು ಕರೆಯುವುದು, ಡೇರಿಗೆ ಹಾಕುವುದು ಯಾರು? ನಮ್ಮ ಕಡೆ ಬಹುತೇಕ ಹೆಂಗಸರೇ. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಉದ್ಯೋಗದ ಕೋಡುಗಳಲ್ಲಿ 11 ಅಂದರೆ ಸ್ವಂತ ಉದ್ಯೋಗ, 21 ಅಂದರೆ ಮನೆಯ ಉದ್ಯೋಗದಲ್ಲಿ ಸಂಬಳವಿಲ್ಲದೆ ದುಡಿಯುವವರು, 31 ಸಂಬಳದ ಕೆಲಸ, 51 ಕೂಲಿ. 92 ಅಂದರೆ ಬರೀ ಮನೆಗೆಲಸ. 93 ಅಂದರೆ ಮನೆಗೆಲಸದ ಜೊತೆಗೆ ಮನೆ ಬಳಕೆಗೆ ಸೌದೆ ಪುಳ್ಳೆ ತರುವುದು, ಹೊಲಿಗೆ ಇಂಥವು. 92, 93 ಬಿದ್ದವರು ದುಡಿಯುವವರ ಲೆಕ್ಕಕ್ಕೆ ಬರುವುದೇ ಇಲ್ಲ. ಜಗಲಿಯ ಮೇಲೆ ಕೂತ ಗಂಡನನ್ನು ‘ನಿಮ್ಮ ಮನೆಯವರು ಏನು ಮಾಡ್ತಾರೆ’ ಅಂದರೆ ‘ಮನೇಲಿರ್ತಾಳೆ’ ಅಂತಾನೆ, ಕೋಡು 92 ಬೀಳುತ್ತೆ. ಆಕೆಯನ್ನೇ ಕೂರಿಸಿ ಬೆಳಗ್ಗೆ ಎದ್ದಾಗಿನಿಂದ ಒಂದೊಂದೇ ಕೇಳಿದರೆ ಅದೇ ಮನೆ, ಅದೇ ದಿನ, ಕೋಡು 21. ಹಾಲಿನ ಪುಸ್ತಕ ಆಕೆಯ ಹೆಸರಲ್ಲಿದ್ದು ವ್ಯವಹಾರವನ್ನೂ ಆಕೆಯೇ ನಡೆಸುತ್ತಿದ್ದರೆ 11. ಹೆಣ್ಣುಮಕ್ಕಳ ದುಡಿಮೆ ಕಡಿಮೆಯಾಗಿದೆ ಅಂತ ಪತ್ರಿಕೆಯಲ್ಲಿ ಓದಿದಾಗಲೆಲ್ಲ ನನಗೆ ಮೊದಲು ಏಳುವ ಪ್ರಶ್ನೆ, ಉತ್ತರ ಕೊಟ್ಟವರು ಯಾರು ಅನ್ನುವುದು.

ಗಣಿತದ ಬಗ್ಗೆ ಹೆದರಬೇಡ. ಮೇಲೆ ನಾನು ಮಾಡಿದ್ದು ಹೈಸ್ಕೂಲಿನ ಕೂಡುವುದು, ಭಾಗಿಸುವುದು. ಸಂಭಾವ್ಯತೆ, ಲಾಗರಿದಮ್, ಆಮೇಲೆ ರಿಗ್ರೆಶನ್ (ಒಂದು ಸಂಗತಿಯ ಜೊತೆ ಇನ್ನೊಂದು ಎಷ್ಟು ಬದಲಾಗುತ್ತೆ ಅನ್ನುವ ಲೆಕ್ಕ), ಈ ಕ್ರಮದಲ್ಲಿ ಹೋದರೆ ಒಂದೆರಡು ವರ್ಷದಲ್ಲಿ ಕೈಗೆ ಬರುತ್ತೆ. ನನ್ನ ವಿದ್ಯಾರ್ಥಿಗಳಲ್ಲಿ ಚೆನ್ನಾಗಿ ಮಾಡಿದವರು ಗಣಿತದಲ್ಲಿ ಜಾಣರಾಗಿದ್ದವರಲ್ಲ, ಒಂದು ಸಂಖ್ಯೆ ಹೀಗೇಕೆ ಬಂತು ಅಂತ ಬಿಡದೆ ಕೂತವರು.

ಮಳವಳ್ಳಿ ಕಡೆಯವನು:

ಮೇಡಂ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳ್ತೀನಿ. ನಾನು ಕೇರಿಯಲ್ಲಿ ಹುಟ್ಟಿ ಬೆಳೆದವನು. ನಾನು ಚಿಕ್ಕವನಿದ್ದಾಗ ಒಂದು ಸಮೀಕ್ಷೆಗೆ ಬಂದವರು ಕೇರಿಯೊಳಗೆ ಕಾಲಿಡಲಿಲ್ಲ. ಊರಬಾಗಿಲ ಹತ್ತಿರ ಅರಳಿಕಟ್ಟೆಯಲ್ಲಿ ಕೂತು ನಮ್ಮವರಲ್ಲಿ ಒಬ್ಬ ಯಜಮಾನರನ್ನು ಕರೆಸಿ, ಅವರು ನಿಂತೇ ಇದ್ದರು, ಎಲ್ಲ ಮನೆಯದ್ದೂ ಅವರ ಬಾಯಿಂದಲೇ ಕೇಳಿ ಬರೆದುಕೊಂಡು ಹೋದರು. ನಮ್ಮವ್ವನಿಗೆ ವಯಸ್ಸು ಎಷ್ಟು, ನಾನು ಸ್ಕೂಲಿಗೆ ಹೋಗ್ತೀನಾ ಅನ್ನೋದನ್ನು ಬೇರೆ ಮನೆಯ ಯಜಮಾನರು ಹೇಳಿದರು. ಆ ಫಾರಂ ಎಲ್ಲೋ ಒಂದು ವರದಿ ಸೇರಿರುತ್ತೆ, ಶೇಕಡಾ ಇಷ್ಟು ಅಂತ ಅಚ್ಚಾಗಿರುತ್ತೆ. ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಟ್ಟಿದ್ದರು. ಅದನ್ನು ಯಾವ ಕಾಲಂನಲ್ಲಿ ಬರೀತೀರಿ? ಈ ತಂಗಿಯ ಗೆಳತಿ ಹೇಳಿದ್ದರಲ್ಲಿ ನನಗೆ ತಪ್ಪು ಕಾಣಲಿಲ್ಲ.

ನಿವೃತ್ತ ಮೇಡಂ, ಸರಸ್ವತೀಪುರಂ:

ನೀವು ಬರೆದದ್ದು ಓದಿ ಬಹಳ ಹೊತ್ತು ಸುಮ್ಮನೆ ಕೂತೆ. ಅರಳಿಕಟ್ಟೆಯಲ್ಲಿ ತುಂಬಿಸಿದ ಆ ಫಾರಂ ದತ್ತಾಂಶವಲ್ಲ. ಅದನ್ನು ಹರಿದು ಹಾಕಬೇಕಿತ್ತು. ನಾನು ಮೇಲ್ವಿಚಾರಣೆ ಮಾಡಿದ ಕಡೆಯಲ್ಲೆಲ್ಲ ಒಂದು ನಿಯಮ ಇಟ್ಟಿದ್ದೆ. ಕೇರಿಯ ಮನೆಗಳಿಗೆ ಕೇರಿಗಳಿಂದಲೇ ಬಂದ ಹುಡುಗ ಹುಡುಗಿಯರು ಹೋಗಬೇಕು, ಮನೆಯೊಳಗೆ ಕೂತು ಕೇಳಬೇಕು, ಕೊಟ್ಟದ್ದನ್ನು ಕುಡಿಯಬೇಕು. ಕೇಳುವವರ ಜಾತಿ ನೋಡಿ ಉತ್ತರ ಬದಲಾಗುತ್ತೆ ಅನ್ನುವುದು ಸಮೀಕ್ಷೆ ಮಾಡುವ ಎಲ್ಲರಿಗೂ ಗೊತ್ತಿರಬೇಕಾದ ವಿಷಯ.

ಲೋಟದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇದೆ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಮತ್ತು ದೆಹಲಿಯ ಎನ್‌ಸಿಎಇಆರ್ ಅನ್ನುವ ಆರ್ಥಿಕ ಸಂಶೋಧನಾ ಸಂಸ್ಥೆ ಸೇರಿ ಮಾಡುವ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆ ಅಂತ ಒಂದಿದೆ, ಐಎಚ್‌ಡಿಎಸ್ ಅನ್ನುತ್ತಾರೆ. ಅದರ ಮುಂದಾಳು ಸೋನಾಲ್ಡೆ ದೇಸಾಯಿ, ಸಮಾಜಶಾಸ್ತ್ರದ ಪ್ರಾಧ್ಯಾಪಕಿ. 2004-05ರಲ್ಲಿ 41,554 ಮನೆಗಳಿಗೆ ಹೋದರು, 2011-12ರಲ್ಲಿ ಬಹುಪಾಲು ಅವೇ ಮನೆಗಳಿಗೆ ಮತ್ತೆ ಹೋದರು. ಎರಡನೇ ಸುತ್ತಿನಲ್ಲಿ ನೇರವಾಗಿ ಕೇಳಿದರು, ನಿಮ್ಮ ಮನೆಯಲ್ಲಿ ಯಾರಾದರೂ ಅಸ್ಪೃಶ್ಯತೆ ಆಚರಿಸುತ್ತಾರಾ ಅಂತ. ಇಲ್ಲ ಅಂದವರಿಗೆ ಇನ್ನೊಂದು ಪ್ರಶ್ನೆ. ಪರಿಶಿಷ್ಟ ಜಾತಿಯವರು ನಿಮ್ಮ ಅಡುಗೆಮನೆಗೆ ಬಂದರೆ, ನಿಮ್ಮ ಪಾತ್ರೆ ಬಳಸಿದರೆ ತೊಂದರೆಯಾ? ಎರಡನ್ನೂ ಸೇರಿಸಿದಾಗ ದೇಶದಲ್ಲಿ ಸುಮಾರು ಶೇ 27 ಮನೆಗಳು ಹೌದು ಅಂದವು. ಅಪರಿಚಿತರ ಮುಂದೆ ಬಾಯಿಬಿಟ್ಟು ಒಪ್ಪಿಕೊಂಡವರು ಇಷ್ಟು ಮಂದಿ. ಒಪ್ಪಿಕೊಳ್ಳದೆ ಮಾಡುವವರು ಇದರ ಮೇಲೆ. ಅಲ್ಲಿಯವರೆಗೆ ಯಾರಾದರೂ ಲೋಟದ ಮಾತು ಎತ್ತಿದರೆ ‘ಅದೆಲ್ಲ ಹಳೇ ಕಾಲದ್ದು, ನಿಮ್ಮೂರಲ್ಲಿ ಮಾತ್ರ’ ಅಂತ ತಳ್ಳಿಹಾಕುವುದು ಸುಲಭವಾಗಿತ್ತು. ನಿಮ್ಮ ಊರೊಂದರದ್ದೇ ಅಲ್ಲ ಅಂತ ತೋರಿಸುವ ಶಕ್ತಿ ಆ ಅಂಕಿಗೆ ಇದೆ.

ಇನ್ನೊಂದು ಕೆಲಸ ಸುಖದೇವ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಮಾಡಿದ್ದು, 2007ರಲ್ಲಿ ಪ್ರಕಟವಾಯಿತು. ಪತ್ರಿಕೆಯ 548 ಖಾಸಗಿ ಉದ್ಯೋಗದ ಜಾಹೀರಾತುಗಳಿಗೆ 4,808 ಅರ್ಜಿ ಕಳಿಸಿದರು. ಓದು, ಅನುಭವ ಒಂದೇ, ಹೆಸರು ಮಾತ್ರ ಬೇರೆ. ಮೇಲುಜಾತಿಯ ಹಿಂದೂ ಹೆಸರಿಗೆ ಹೋಲಿಸಿದರೆ ಸಂದರ್ಶನಕ್ಕೆ ಕರೆ ಬರುವ ಆಡ್ಸ್ ದಲಿತ ಹೆಸರಿಗೆ 0.67, ಅಂದರೆ ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿಗೆ 0.33, ಮೂರರಲ್ಲಿ ಒಂದು ಪಾಲು. ಅರ್ಜಿ ಹಾಕಿದವನಿಗೆ ಯಾಕೆ ಕರೆ ಬರಲಿಲ್ಲ ಅಂತ ಅವನ ಅನುಭವದಿಂದ ಗೊತ್ತಾಗುವುದಿಲ್ಲ, ನನ್ನದೇ ಏನೋ ಕೊರತೆ ಅಂತ ಕೊರಗುತ್ತಾನೆ. ಈ ಲೆಕ್ಕ ಆ ಕೊರಗನ್ನು ಅವನ ಹೆಗಲಿನಿಂದ ಇಳಿಸುತ್ತೆ.

ಹಾಗಂತ ಸಂಖ್ಯೆಯೊಂದೇ ಸಾಕು ಅನ್ನುವವಳಲ್ಲ ನಾನು. ನಿಂತೇ ಇದ್ದರು ಅಂತ ಬರೆದಿರಲ್ಲ, ಅದು ಯಾವ ಕೋಡಿನಲ್ಲೂ ಬರುವುದಿಲ್ಲ. ಅದನ್ನು ನೀವೇ ಬರೆಯಬೇಕು, ದಯವಿಟ್ಟು ಬರೆಯಿರಿ.

ಮಳವಳ್ಳಿ ಕಡೆಯವನು:

ಶೇ 27ರ ವಿಷಯ ನನಗೆ ಗೊತ್ತಿರಲಿಲ್ಲ ಮೇಡಂ. ಅಡುಗೆಮನೆಯ ಪ್ರಶ್ನೆ ಹಾಕಿದವರಿಗೆ ನಮ್ಮ ಬದುಕು ಗೊತ್ತಿತ್ತು ಅಂತ ಕಾಣುತ್ತೆ. ಆದರೂ ಮನೆಯೊಳಗೆ ಬಂದು ಕೂತು ಕೇಳೋವರೆಗೂ ನನಗೆ ಪೂರ್ತಿ ನಂಬಿಕೆ ಬರಲ್ಲ.

ಮಂಡ್ಯ ಫೀಲ್ಡು:

ನಾನು ಓದಿರೋದು ಪಿಯುಸಿ. ಹದಿನೈದು ವರ್ಸದಿಂದ ಸರ್ವೇ ಕೆಲ್ಸ ಮಾಡ್ಕಂಡ್ ಬತ್ತಾವ್ನಿ, ಮಂಡ್ಯ, ಮದ್ದೂರು, ಕೆ.ಆರ್. ಪೇಟೆ ಎಲ್ಲ ಕಡೀಕೂ ಹೋಗಿವ್ನಿ. ತಂಗೀಗೆ ಫೀಲ್ಡಿನ ಎರಡು ಮಾತು ಹೇಳ್ತೀನಿ.

‘ನಿಮಗೆ ಜಮೀನು ಎಷ್ಟದೆ’ ಅಂತ ಕೇಳಬ್ಯಾಡಿ ಕಣವ್ವ. ಯಾವ ಸ್ಕೀಮು ಕಿತ್ಕೊಳಾಕೆ ಬಂದವ್ರೆ ಅನ್ಕಂಡು ಅರ್ಧ ಹೇಳ್ತರೆ. ಇಲ್ಲ ಅಂದ್ರೆ ಅಣ್ಣತಮ್ಮದೀರ್ದೂ ಸೇರ್ಸಿ ಅಪ್ಪನ ಹೆಸ್ರಲ್ಲಿರೋ ಪೂರ್ತಿ ಹೇಳ್ತರೆ. ಒಂದೊಂದೇ ತುಂಡು ಹಿಡ್ಕಂಡು ಕೇಳಿ. ನಾಲೆ ಪಕ್ಕದ ಗದ್ದೆ ಎಷ್ಟು ಗುಂಟೆ, ಮೇಲುಗಡೆ ಹೊಲ ಎಷ್ಟು, ಪಹಣಿ ಯಾರ ಹೆಸ್ರಲ್ಲದೆ, ಉಳೋರು ಯಾರು, ವಾರಕ್ಕಾ ಗುತ್ತಿಗೇಗಾ, ಬೋರ್‌ವೆಲ್ ಯಾರ್ದು. ನಲವತ್ತು ಗುಂಟೆಗೆ ಒಂದೆಕ್ರೆ, ಕೂಡೋದು ನಾವು ಕೂಡ್ಕಬೋದು. ಬೇಸಾಯ ಅಂತ ಹೇಳೋನು ಹತ್ತೆಕ್ರೆ ಸಾಹುಕಾರನೂ ಆಗಿರ್ತಾನೆ, ಕಂಡೋರ ಗದ್ದೆ ವಾರಕ್ಕೆ ಮಾಡೋನೂ ಆಗಿರ್ತಾನೆ.

ಕಬ್ಬು ಕಡಿಯೋ ಟೈಮಲ್ಲಿ, ನಾಟಿ ಟೈಮಲ್ಲಿ ಹಗಲೊತ್ತು ಹೋದ್ರೆ ಮನೇಲಿರೋರು ಮುದುಕ್ರು, ಇಲ್ಲ ಅಂದ್ರೆ ಅನುಕೂಲಸ್ತ್ರು. ಕೂಲಿಯೋರು ಸಿಗಾದೇ ಇಲ್ಲ. ಬೀಗ ಹಾಕದೆ ಅಂತ ಬರ್ಕಂಡು ಪಕ್ಕದ ಮನೆ ತಕ್ಕಂಡ್ರೆ ಬಡವ್ರೆಲ್ಲ ಬುಟ್ಟೋದ್ರು. ಸಂಜೆ ಡೇರಿ ಹಾಲು ಅಳ್ದಾದ್ಮೇಲೆ ಮತ್ತೆ ಹೋಗ್ಬೇಕು. ದಿನಕ್ಕೆ ಇಷ್ಟು ಫಾರಂ ಮುಗಿಸ್ಲೇಬೇಕು ಅಂತ ಆಫೀಸ್ನೋರು ಕೂತ್ರೆ ಈ ಕೆಲ್ಸ ಕೆಡ್ತದೆ. ಮೇಡಂನೋರು ಅದ್ನ ನಮ್ ಪರವಾಗಿ ಒಸಿ ಜೋರಾಗಿ ಬರೀಬೇಕು.

ನಿವೃತ್ತ ಮೇಡಂ, ಸರಸ್ವತೀಪುರಂ:

ಈ ಅಣ್ಣ ಹೇಳಿದ್ದನ್ನು ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿಕೋ ಅಮ್ಮ. ಬೀಗ ಹಾಕಿದ ಮನೆಯ ಮಾತು ನೂರಕ್ಕೆ ನೂರು ನಿಜ. ಬದಲಿ ಮನೆ ಹಿಡಿಯುವುದನ್ನು ಮಾದರಿ ಸಮೀಕ್ಷೆಯಲ್ಲಿ ಮನಬಂದಂತೆ ಮಾಡುವ ಹಾಗಿಲ್ಲ. ಫಾರಂ ಲೆಕ್ಕಕ್ಕೆ ದುಡ್ಡು ಕೊಡುವ ಪದ್ಧತಿ ನಿಲ್ಲಬೇಕು, ಕ್ಷೇತ್ರಕಾರ್ಯ ಮಾಡುವವರಿಗೆ ದಿನದ ಲೆಕ್ಕದಲ್ಲಿ ಸರಿಯಾದ ಸಂಬಳ, ಬಸ್ ಛಾರ್ಜು, ವರದಿಯಲ್ಲಿ ಹೆಸರು ಮೂರೂ ಸಿಗಬೇಕು. ಪ್ರಾಧ್ಯಾಪಕರ ಹೆಸರು ಮುಖಪುಟದಲ್ಲಿ ಬರುತ್ತೆ, ಇವರ ಹೆಸರು ಕೊನೆಯ ಪುಟದಲ್ಲೂ ಬರುವುದಿಲ್ಲ. ಇದು ಅನ್ಯಾಯ.

ನಾಗಮಂಗಲದವಳು:

ಎಲ್ಲರಿಗೂ ತುಂಬಾ ಧನ್ಯವಾದ. ಮೇಡಂ, ನಿಮ್ಮ 40, 12ರ ಲೆಕ್ಕವನ್ನು ಕೂತು ಮಾಡಿದೆ, ಸರಿಯಾಗಿ ಬಂತು! ಅಮ್ಮನಿಗೂ ಓದಿ ಹೇಳಿದೆ. ಹಾಲಿನ ಪುಸ್ತಕ ಅಪ್ಪನ ಹೆಸರಲ್ಲಿದೆ, ಕರೆಯೋದು ಹಾಕೋದು ಎಲ್ಲ ಅಮ್ಮನೇ. ಹಾಗಾದರೆ 21 ಅಲ್ಲವಾ?

ನನ್ನ ಎಂ.ಎ. ಪ್ರಬಂಧಕ್ಕೆ ಒಂದು ಯೋಚನೆ ಬಂದಿದೆ. ನಮ್ಮೂರ ಹತ್ತಿರದ ಸರ್ಕಾರಿ ಹೈಸ್ಕೂಲಿನಲ್ಲಿ ನಮ್ಮಣ್ಣನ ಜೊತೆ ಎಸ್ಸೆಸ್ಸೆಲ್ಸಿ ಪಾಸಾದವರೆಲ್ಲ ಈಗ ಏನು ಮಾಡ್ತಿದ್ದಾರೆ, ಅವರ ಅಪ್ಪಂದಿರು ಏನು ಮಾಡ್ತಿದ್ದರು ಅಂತ ಕೋಷ್ಟಕ ಹಾಕಬಹುದಾ? ಪಾಸಾದವರ ಪಟ್ಟಿ ಸಿಗುತ್ತೆ.

ನಿವೃತ್ತ ಮೇಡಂ, ಸರಸ್ವತೀಪುರಂ:

21 ಸರಿ. ಪ್ರಬಂಧದ ವಿಷಯ ಬಹಳ ಒಳ್ಳೆಯದು, ಬಿಡಬೇಡ. ಪಟ್ಟಿ ಮಾತ್ರ ಬದಲಿಸು.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ 1957ರಲ್ಲಿ ಹೈಸ್ಕೂಲು ಮುಗಿಸಿದವರಲ್ಲಿ ಮೂರನೇ ಒಂದು ಪಾಲನ್ನು, 10,317 ಮಂದಿಯನ್ನು, ಮುಪ್ಪಿನವರೆಗೂ ಹಿಂಬಾಲಿಸಿದ ದೊಡ್ಡ ಅಧ್ಯಯನ ಇದೆ. ಅಪ್ಪ ಅಮ್ಮನ ಓದು, ಮನೆಯ ಸ್ಥಿತಿ, ಗೆಳೆಯರು, ಮೇಷ್ಟರ ಪ್ರೋತ್ಸಾಹ ಇವೆಲ್ಲ ಮುಂದಿನ ಬದುಕನ್ನು ಹೇಗೆ ರೂಪಿಸುತ್ತವೆ ಅಂತ ಜಗತ್ತಿಗೆ ಕಲಿಸಿದ್ದು ಅದು. ವಿಲಿಯಂ ಸೆವೆಲ್, ಆಮೇಲೆ ರಾಬರ್ಟ್ ಹೌಸರ್ ತಮ್ಮ ಆಯುಷ್ಯವನ್ನೇ ಅದಕ್ಕೆ ಕೊಟ್ಟರು. ಅಷ್ಟು ದೊಡ್ಡ ಕೆಲಸದಲ್ಲೂ ಒಂದು ಕೊರತೆ ಉಳಿಯಿತು. ಹೈಸ್ಕೂಲು ಮುಗಿಸಿದವರು ಮಾತ್ರ ಅದರಲ್ಲಿ ಇದ್ದಾರೆ, ನಡುವೆ ಬಿಟ್ಟವರು ಇಲ್ಲ. ಪಕ್ಕದ ಆಂಧ್ರ, ತೆಲಂಗಾಣದಲ್ಲಿ 2002ರಿಂದ ನಡೆಯುತ್ತಿರುವ ಯಂಗ್ ಲೈವ್ಸ್ ಅಧ್ಯಯನ ಸುಮಾರು 3,000 ಮಕ್ಕಳನ್ನು ಚಿಕ್ಕಂದಿನಿಂದಲೇ ಹಿಂಬಾಲಿಸುತ್ತಿದೆ, ಶಾಲೆ ಬಿಟ್ಟವರೂ ಅದರಲ್ಲಿ ಉಳಿಯುತ್ತಾರೆ.

ನೀನು ಪಾಸಾದವರ ಪಟ್ಟಿ ಹಿಡಿದರೆ, ಎಂಟರಲ್ಲೋ ಒಂಬತ್ತರಲ್ಲೋ ಬಿಟ್ಟು ಗಾರೆ ಕೆಲಸಕ್ಕೆ ಹೋದವನು, ಮದುವೆಯಾಗಿ ಹೋದ ಹುಡುಗಿ, ಫೇಲಾಗಿ ಮತ್ತೆ ಕಟ್ಟದವನು ಎಲ್ಲ ಹೊರಗೆ ಉಳಿದರು. ಕೂಲಿಮನೆಯ ಮಕ್ಕಳೇ ಅವರಲ್ಲಿ ಹೆಚ್ಚಿದ್ದರೆ ನಿನ್ನ ಕೋಷ್ಟಕ ಊರಿನಲ್ಲಿ ಇರುವುದಕ್ಕಿಂತ ಹೆಚ್ಚು ಸಮಾನತೆ ತೋರಿಸುತ್ತೆ. ಆದ್ದರಿಂದ ನಿಮ್ಮಣ್ಣ ಎಂಟನೇ ತರಗತಿಗೆ ಸೇರಿದ ವರ್ಷದ ದಾಖಲಾತಿ ಪುಸ್ತಕ ಕೇಳು. ಸೇರಿದವರೆಲ್ಲರ ಹೆಸರು ಅಲ್ಲಿರುತ್ತೆ. ಅಪ್ಪನ ಕಸುಬು ಬರೆದಿದ್ದರೆ ಅದನ್ನು ಹಾಗೇ ನಂಬಬೇಡ, ಮೇಲೆ ಅಣ್ಣ ಹೇಳಿದ ರೀತಿಯಲ್ಲಿ ತುಂಡುತುಂಡಾಗಿ ಮನೆಯಲ್ಲೇ ಕೇಳಿ ಸರಿಮಾಡಿಕೋ. ಹೆಡ್‌ಮಾಸ್ಟರಿಗೆ ವಿಭಾಗದ ಮುಖ್ಯಸ್ಥರಿಂದ ಪತ್ರ ತೆಗೆದುಕೊಂಡು ಹೋಗು. ಹೆಸರುಗಳನ್ನು ಒಂದು ಪುಸ್ತಕದಲ್ಲಿ, ಉತ್ತರಗಳನ್ನು ಇನ್ನೊಂದರಲ್ಲಿ ಇಡು, ಎರಡಕ್ಕೂ ಬರೀ ಕ್ರಮಸಂಖ್ಯೆಯ ಸಂಬಂಧ ಇರಲಿ. ಮದುವೆಯಾಗಿ ಬೇರೆ ಊರಿಗೆ ಹೋದ ಹುಡುಗಿಯರನ್ನು ಫೋನಿನಲ್ಲಾದರೂ ಹುಡುಕು. ಕಷ್ಟ ಆಗುತ್ತೆ, ಆದರೂ ಬಿಡಬೇಡ. ಅಪ್ಪನ ಕೆಲಸದ ಜೊತೆ ಅಮ್ಮನ ಕೆಲಸಕ್ಕೂ ಒಂದು ಕಾಲಂ ಹಾಕು, 92 ಅಂತ ಬರೆಯುವ ಮೊದಲು ಆಕೆಯನ್ನೇ ಕೇಳು.

ಅಭ್ಯಾಸಕ್ಕೆ ನಾನು ಮೇಲೆ ಹೇಳಿದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಮನೆಮಟ್ಟದ ದತ್ತಾಂಶ ಸಾಂಖ್ಯಿಕ ಸಚಿವಾಲಯದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತೆ. ಅಂಕಿಅಂಶದ ಲೆಕ್ಕ ಮಾಡುವ ಆರ್ (R) ಅನ್ನುವ ತಂತ್ರಾಂಶವೂ ಉಚಿತ. ಪ್ರಶ್ನಾವಳಿಯ ಕರಡನ್ನು ಕನ್ನಡದಲ್ಲೇ ಬರೆದು ಇಲ್ಲಿ ಹಾಕು. ನಾನು ನೋಡುತ್ತೇನೆ, ಮಂಡ್ಯದ ಅಣ್ಣನೂ ನೋಡಲಿ, ಮಳವಳ್ಳಿಯವರು ಒಪ್ಪಿದರೆ ಅವರೂ ನೋಡಲಿ.